ಕಾನು ಉಳಿಸೋಕೆ ಮೂರು ಕೇರಿ ಒಂದಾಗಬೇಕು, ಮೊದಲು ಎಂತ ಮಾಡೋದು?

ಕಾನಂಚು:

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಕಾನಿನ (ಊರಿಗೆ ತಾಗಿದ ದಟ್ಟ ಹಸಿರು ಕಾಡಿನ) ವಿಷಯ. ಅಂದಾಜು 22 ಎಕರೆ. ನಡುವೆ ಚೌಡಿ ಬನ, ಅದರ ಬುಡದಲ್ಲೇ ಹುಟ್ಟೋ ಹಳ್ಳದ ನೀರು ಕೆಳಗಿನ ತೋಟಗಳಿಗೆ ಹೋಗುತ್ತೆ. ಮಾರ್ಚ್ ಮುಗಿಯುವವರೆಗೂ ಹರಿಯುತ್ತಿದ್ದ ಹಳ್ಳ ಈಗ ಶಿವರಾತ್ರಿ ಹೊತ್ತಿಗೇ ಬತ್ತುತ್ತಿದೆ. ರಸ್ತೆ ಬದಿಯ ಐದಾರು ಎಕರೆಯಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ ಬಿಟ್ಟರೆ ಬೇರೇನಿಲ್ಲ. ಪಶ್ಚಿಮಕ್ಕೆ ಅಕೇಶಿಯಾ ನೆಡುತೋಪು. ಬೇಸಿಗೆ ಬಂದರೆ ಆ ಕಡೆಯಿಂದಲೇ ಬೆಂಕಿ.

ಮೇಲಿನ ಕೇರಿಯವರು ತೋಟಕ್ಕೆ ಹಸಿ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವವರು. ಕೆಳಗಿನ ಕೇರಿಯವರಿಗೆ ನೀರು ಬೇಕು. ಆಚೆ ಕೇರಿಯವರಿಗೆ ತೋಟವೇ ಇಲ್ಲ, ದನ ಮೇಯೋದೂ ಸೌದೆಯೂ ಈ ಕಾನಲ್ಲೇ. ಸಭೆ ಕರೆದರೆ ಹತ್ತು ನಿಮಿಷಕ್ಕೆ ಜಗಳ. ಯುವಕ ಸಂಘದವರು ಜೆಸಿಬಿ ತರಿಸಿ ಲಂಟಾನ ಕೀಳಿಸಿ, ಸುತ್ತ ಅಗಳ (ಕಂದಕ) ಹೊಡೆಸಿ, ಜೂನ್ 5ಕ್ಕೆ 500 ಗಿಡ ನೆಡೋಣ ಅಂತಿದ್ದಾರೆ. ಇದು ಸರಿಯಾದ ಕ್ರಮವಾ? ಯಾರ ಅನುಮತಿ ಬೇಕು? ಯಾವುದು ಮೊದಲು, ಯಾವುದು ಆಮೇಲೆ? ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಪಹಣಿ_ಪಂಡಿತ:

ಜೆಸಿಬಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಮೊದಲು ವಾಪಸ್ ಇಸ್ಕೊಳ್ಳಿ. ಆಮೇಲೆ ಉಳಿದ ಮಾತು.

ಕಾನು ಊರವರ ಬಾಯಲ್ಲಿ ಒಂದೇ ಜಾಗ, ದಾಖಲೆಯಲ್ಲಿ ನಾಲ್ಕು ಚೂರಾಗಿರುತ್ತೆ. ಒಂದು ತುಂಡು ಮೀಸಲು ಅರಣ್ಯ, ಒಂದು ಸರ್ಕಾರಿ ಕಾನು, ಒಂದು ತೋಟದವರ ಸೊಪ್ಪಿಗೆ ಬಿಟ್ಟ ಸೊಪ್ಪಿನಬೆಟ್ಟ, ಅಂಚಲ್ಲಿ ಗೋಮಾಳ, ಹೀಗೆ. ಒಂದೊಂದಕ್ಕೂ ಕೇಳಬೇಕಾದ ಕಚೇರಿ ಬೇರೆ. ಅದಕ್ಕೆ ದಿಶಾಂಕ್ ಆ್ಯಪ್ ಹಾಕಿಕೊಂಡು ಕಾನಿನ ಅಂಚು ಒಂದು ಸುತ್ತು ಬನ್ನಿ. ನೂರು ಹೆಜ್ಜೆಗೊಮ್ಮೆ ನಿಂತು ಯಾವ ಸರ್ವೆ ನಂಬರ್ ತೋರಿಸುತ್ತೆ ಅಂತ ಬರೆದುಕೊಳ್ಳಿ. ಮನೆಗೆ ಬಂದು ಆ ನಂಬರುಗಳ ಪಹಣಿಯನ್ನು ಕಂದಾಯ ಇಲಾಖೆಯ ‘ಭೂಮಿ’ ಅಂತರ್ಜಾಲ ತಾಣದಲ್ಲಿ ತೆಗೆದು ನೋಡಿ. ಯಾರ ಹೆಸರಲ್ಲಿದೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ಷರಾ (ಟಿಪ್ಪಣಿ) ಏನು ಅನ್ನೋದು ಸಿಗುತ್ತೆ. ಆ ಪಟ್ಟಿ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಯಾವ ನಂಬರಿಗೆ ಅಧಿಸೂಚನೆ ಆಗಿದೆ ಅಂತ ಕೇಳಿ. ಇಷ್ಟಕ್ಕೆ ಖರ್ಚು ಹೆಚ್ಚಿಲ್ಲ, ಹದಿನೈದು ದಿನದ ಓಡಾಟ ಅಷ್ಟೇ.

ಒಂದು ಎಚ್ಚರಿಕೆ. ದಟ್ಟ ಮರದ ಕೆಳಗೆ ಮೊಬೈಲಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುತ್ತೆ. ಅದನ್ನೇ ಹಿಡಿದು ಪಕ್ಕದ ತೋಟದವರ ಹತ್ತಿರ ‘ನಿಮ್ಮ ಬೇಲಿ ಕಾನೊಳಗೆ ಬಂದಿದೆ’ ಅಂತ ಜಗಳಕ್ಕೆ ನಿಲ್ಲಬೇಡಿ. ಗಡಿ ತೀರ್ಮಾನ ಆಗಬೇಕಿದ್ದರೆ ಸರ್ವೆಯವರೇ ಬಂದು ಅಳೆಯಬೇಕು.

ಪಹಣಿಯಲ್ಲಿ ಕಂದಾಯ ಭೂಮಿ ಅಂತಿದೆ, ಹಾಗಾಗಿ ಯಾರನ್ನೂ ಕೇಳೋದು ಬೇಡ ಅನ್ನೋದು ಹಳೇ ತಪ್ಪು. ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಕಾಡು ಅಂದರೆ ದಾಖಲೆಯಲ್ಲಿ ಏನಿದ್ದರೂ ಕಾಡಿನ ಲಕ್ಷಣ ಇರುವ ಜಾಗವೂ ಸೇರುತ್ತೆ ಅಂದಿತು. ನಮ್ಮಲ್ಲಿ ‘ಡೀಮ್ಡ್ ಅರಣ್ಯ’ ಅನ್ನೋ ತಲೆನೋವು ಶುರುವಾಗಿದ್ದು ಅಲ್ಲಿಂದಲೇ. ಕಾನಿನೊಳಗೆ ಯಂತ್ರ ಇಳಿಸಿದರೆ ಉದ್ದೇಶ ಎಷ್ಟೇ ಒಳ್ಳೇದಿದ್ದರೂ ಮೊದಲು ಕೇಸು ಬೀಳೋದು ಅರ್ಜಿಯಲ್ಲಿ ಸಹಿ ಹಾಕಿದವನ ಮೇಲೆ.

ಸಮಿತಿ ಹೊಸದಾಗಿ ಕಟ್ಟಬೇಕಾ? ಬಹುಶಃ ಬೇಡ. ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಕರ್ನಾಟಕದಲ್ಲಿ ಬಂದಿದ್ದು 1993ರಲ್ಲಿ. ಆವಾಗಿನಿಂದ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿ ಕಾಗದದ ಮೇಲಾದರೂ ಇದೆ. ನಿಮ್ಮಲ್ಲಿ ಇದೆಯಾ, ಪಾಸ್‌ಬುಕ್ ಯಾರ ಹತ್ತಿರ ಇದೆ, ಕೊನೇ ಸರ್ವಸದಸ್ಯರ ಸಭೆ ಯಾವಾಗ ಆಗಿದೆ ಅಂತ ಉಪ ವಲಯ ಅರಣ್ಯಾಧಿಕಾರಿಯನ್ನು ಕೇಳಿ. ಮಲಗಿರೋ ಸಮಿತಿಯನ್ನು ಎಬ್ಬಿಸೋದು ಹೊಸದು ಮಾಡೋದಕ್ಕಿಂತ ಸುಲಭ. ಇನ್ನೊಂದು ದಾರಿ 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿ. ಕಾನಿನ ಗಿಡಮರ, ಹಳ್ಳ, ಬನ ಎಲ್ಲ ಅದರ ದಾಖಲಾತಿ ಪುಸ್ತಕದಲ್ಲಿ ಬರೆಸಿ. ನಾಳೆ ಯಾರಾದರೂ ಆ ಜಾಗ ಬೇರೆ ಕೆಲಸಕ್ಕೆ ಕೇಳಿದರೆ ತೋರಿಸೋಕೆ ಒಂದು ಕಾಗದ ಇರುತ್ತೆ. ನಮ್ಮದೇ ಸಾಗರದ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾಗಿದ್ದು ಇದೇ ಕಾಯ್ದೆಯಡಿ.

ಸೊಪ್ಪಿನಬೆಟ್ಟ:

ಕಾಗದಪತ್ರದ್ದು ಮೇಲಿನವರು ಸರಿಯಾಗೇ ಹೇಳಿದ್ದಾರೆ. ಜಗಳದ ವಿಷಯಕ್ಕೆ ಬರ್ತೀನಿ.

‘ಕಾನು ಉಳಿಸಬೇಕಾ ಬೇಡವಾ’ ಅಂತ ಸಭೆ ಕರೆದರೆ ಎಲ್ಲರೂ ಉಳಿಸಬೇಕು ಅಂತಾರೆ. ಯಾರು ಎಷ್ಟು ತರಬಹುದು ಅನ್ನೋ ಮಾತು ಬಂದಾಗ ಜಗಳ ಶುರು. ಹಾಗಾಗಿ ಮಾತು ಅಲ್ಲಿಂದಲೇ ಹೊರಡಬೇಕು. ಮೂರೂ ಕೇರಿಯನ್ನು ಮೊದಲ ದಿನವೇ ಒಟ್ಟಿಗೆ ಕೂರಿಸಬೇಡಿ. ಕೇರಿಗೊಂದು ಸಂಜೆ ಹೋಗಿ, ಒಂದು ದೊಡ್ಡ ಹಾಳೆಯಲ್ಲಿ ಬರೆದುಕೊಳ್ಳಿ: ಸೊಪ್ಪು, ದರಗು, ಸೌದೆ, ಮೇವು, ಜೇನು, ಉಪ್ಪಾಗೆ, ಮುರುಗಲು (ಎರಡೂ ಹುಳಿಗೆ ಬಳಸೋ ಕಾಡುಹಣ್ಣು), ಬಿದಿರು. ಒಂದೊಂದಕ್ಕೂ ಯಾರು ತರ್ತಾರೆ, ಯಾವ ತಿಂಗಳು, ಎಷ್ಟು ಹೊರೆ. ಸೌದೆ ತರೋದು ಹೆಚ್ಚಾಗಿ ಹೆಂಗಸರು, ಸಭೆಗೆ ಬರೋದು ಗಂಡಸರು. ಹಾಲಿನ ಡೈರಿ ಹತ್ತಿರ ಬೆಳಿಗ್ಗೆ ಹಾಲು ಹಾಕೋಕೆ ಬಂದಾಗ ಅವರನ್ನೇ ಕೇಳಿ. ಇಲ್ಲದಿದ್ದರೆ ಸಭೆಯಲ್ಲಿ ಒಪ್ಪಿದ ನಿಯಮ ಮಾರನೇ ದಿನವೇ ಮುರಿಯುತ್ತೆ, ಮುರಿದವರಿಗೆ ಅಂಥ ನಿಯಮ ಇದೆ ಅಂತಲೂ ಗೊತ್ತಿರೋದಿಲ್ಲ.

ಮೂರು ಹಾಳೆ ಕೈಯಲ್ಲಿ ಹಿಡಿದು ಆಮೇಲೆ ದೊಡ್ಡ ಸಭೆ. ಕಾಲ ನೋಡಿ ಕರೆಯಿರಿ. ಅಡಿಕೆ ಕೊಯ್ಲು, ಸುಲಿತ ಶುರುವಾದ ಮೇಲೆ ಜನ ಬರೋದಿಲ್ಲ, ನಾಟಿ ಸಮಯದಲ್ಲೂ ಇಲ್ಲ. ಚೌತಿ ಕಳೆದು ಭೂಮಿ ಹುಣ್ಣಿಮೆ ಒಳಗೆ ಒಂದು ಬಿಡುವು ಸಿಗುತ್ತೆ, ಅದೇ ಸಮಯ. ಬನದಲ್ಲಿ ಚೌಡಿ ಪೂಜೆ ಇದ್ದರೆ ಅವತ್ತು ಮೂರು ಕೇರಿಯೂ ಹೇಗೂ ಸೇರುತ್ತೆ, ಊಟ ಆದ ಮೇಲೆ ಅಲ್ಲೇ ಕೂರಿ.

ನಿಯಮ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಸೊಪ್ಪು ತರಬಹುದಾದ ಜಾಗವನ್ನು ಮೂರು ಪಾಲು ಮಾಡಿ. ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸೊಪ್ಪು, ಉಳಿದ ಎರಡಕ್ಕೆ ವಿಶ್ರಾಂತಿ. ಮರದ ಕೆಳ ಅರ್ಧದ ಅಡ್ಡಗೊಂಬೆ ಸಾಕು, ನೆತ್ತಿ ಮುಟ್ಟಬಾರದು. ನೆತ್ತಿ ಕಡಿದ ಮರ ಬೊಡ್ಡೆ ಕಟ್ಟುತ್ತೆ, ಗಾಯದಲ್ಲಿ ನೀರು ನಿಂತು ಒಳಗೇ ಕೊಳೆಯುತ್ತೆ. ಹಳ್ಳದ ಎರಡೂ ಬದಿ ಮೂವತ್ತು ಅಡಿ ಸೊಪ್ಪೂ ಇಲ್ಲ, ದರಗೂ ಇಲ್ಲ. ನೀರು ಬೇಗ ಬತ್ತೋದಕ್ಕೆ ಇರೋ ಕಾರಣಗಳಲ್ಲಿ ದರಗು ಗುಡಿಸೋದೂ ಒಂದು. ದರಗು ಗುಡಿಸಿದ ನೆಲದ ಮೇಲೆ ಮಲೆನಾಡಿನ ಮಳೆ ನೇರ ಹೊಡೆದರೆ ಮೇಲ್ಮಣ್ಣು ಗಟ್ಟಿ ಪದರ ಕಟ್ಟುತ್ತೆ, ನೀರು ಇಂಗದೆ ಇಳಿದು ಹೋಗುತ್ತೆ.

ಉಪ್ಪಾಗೆಗೂ ಒಂದು ಮಾತು ಬೇಕು. ಹಣ್ಣು ಬರೋದು ಮಳೆಗಾಲದಲ್ಲಿ. ಮೊದಲು ಹೋದವನಿಗೆ ಸಿಕ್ಕೀತು ಅಂತ ಕಾಯಿ ಇದ್ದಾಗಲೇ ಕೊಂಬೆ ಸಮೇತ ಕಡಿಯುತ್ತಾರೆ. ಸಮಿತಿ ಒಂದು ದಿನ ಗೊತ್ತು ಮಾಡಿ, ಅದಕ್ಕಿಂತ ಮುಂಚೆ ಯಾರೂ ಕೊಯ್ಯಬಾರದು ಅಂತ ಮಾಡಿದರೆ ಈ ಓಟ ನಿಲ್ಲುತ್ತೆ. ಸಿಪ್ಪೆ ಒಣಗಿಸೋಕೆ ಬಿಸಿಲಿಲ್ಲದೆ ಸೌದೆ ಒಲೆ ಉರಿಸ್ತಾರೆ, ಆ ಸೌದೆಯೂ ಅದೇ ಕಾನಿಂದ ಬರೋದು. ಮನೆಗೊಂದು ಒಲೆ ಉರಿಸೋ ಬದಲು ಕೇರಿಗೊಂದು ಡ್ರೈಯರ್ ಇದ್ದರೆ ಸೌದೆ ಎಷ್ಟೋ ಉಳಿಯುತ್ತೆ.

ತೋಟ ಇಲ್ಲದ ಕೇರಿಯವರಿಗೆ ‘ದನ ಬಿಡಬೇಡಿ’ ಅಂತ ಹೇಳೋ ಮುಂಚೆ ಬದಲಿ ದಾರಿ ತೋರಿಸಿ. ಗೋಮಾಳದ ಕಡೆಯಿಂದ ಹಳ್ಳಕ್ಕೆ ನೀರು ಕುಡಿಯೋಕೆ ಹೋಗಿ ಬರಲು ಹತ್ತು ಅಡಿಯ ಒಂದು ದಾರಿ ಬಿಟ್ಟು, ಉಳಿದದ್ದಕ್ಕೆ ಬೇಲಿ. ತಪ್ಪಿದವರಿಗೆ ದುಡ್ಡಿನ ದಂಡ ಇಡಬೇಡಿ, ಅದು ವಸೂಲಾಗೋದೂ ಇಲ್ಲ, ಹಾಕೋ ಅಧಿಕಾರವೂ ಊರಿಗಿಲ್ಲ. ಬೆಂಕಿ ಗೆರೆ (ಬೆಂಕಿ ದಾಟದ ಹಾಗೆ ಕಾನಿನ ಅಂಚಲ್ಲಿ ಹುಲ್ಲು, ದರಗು ತೆಗೆದ ಪಟ್ಟಿ) ಗುಡಿಸೋಕೆ ಒಂದು ದಿನದ ಆಳು ಕೊಡೋದು ಅಂತ ಮಾತಾಡಿಕೊಂಡರೆ ಮರ್ಯಾದೆಯೂ ಉಳಿಯುತ್ತೆ, ಕೆಲಸವೂ ಆಗುತ್ತೆ.

ಬೇರು_ನೋಡಿ:

ಲಂಟಾನದ ಬಗ್ಗೆ. ಜೆಸಿಬಿ ಬೇಡ ಅನ್ನೋದಕ್ಕೆ ಕಾನೂನು ಬಿಟ್ಟು ಇನ್ನೂ ಒಂದು ಕಾರಣ ಇದೆ. ಲಂಟಾನದ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತೆ. ಯಂತ್ರ ಮಣ್ಣು ಮಗುಚಿದರೆ ಅಷ್ಟೂ ಬೀಜಕ್ಕೆ ಬೆಳಕು ಸಿಕ್ಕಿ ಮುಂದಿನ ಮಳೆಗೆ ಹಸಿರು ಹಾಸಿದ ಹಾಗೆ ಏಳುತ್ತೆ. ಬೆಂಕಿ ಕೊಟ್ಟರೆ ಮೇಲಿನ ಕಡ್ಡಿ ಸುಟ್ಟು ಬುಡ ಚಿಗುರುತ್ತೆ. ಕತ್ತಿಯಲ್ಲಿ ನೆಲಮಟ್ಟಕ್ಕೆ ಸವರಿದರೆ ಒಂದು ಬುಡಕ್ಕೆ ಎಂಟು ಹತ್ತು ಚಿಗುರು.

ಸರಿಯಾದ ಕ್ರಮ ಬುಡ ಕಡಿಯೋದು. ಪೊದೆಯ ಒಂದು ಪಕ್ಕ ಕಡ್ಡಿ ಸರಿಸಿ ಬುಡ ಕಾಣೋ ಹಾಗೆ ಮಾಡಿಕೊಳ್ಳಿ. ಕಾಂಡ ಮತ್ತು ಬೇರು ಸೇರೋ ಜಾಗ ಗಂಟು ಗಂಟಾಗಿ ಇರುತ್ತೆ, ಚಿಗುರೋದೆಲ್ಲ ಅಲ್ಲಿಂದಲೇ. ಅದರ ಕೆಳಗೆ, ಮಣ್ಣಿನ ಮಟ್ಟದಿಂದ ಎರಡು ಬೆರಳಿನಷ್ಟು, ಅಂದರೆ 3ರಿಂದ 5 ಸೆಂಟಿಮೀಟರ್ ಒಳಗೆ ಪಿಕಾಸಿಯ ಚಪ್ಪಟೆ ಬಾಯಿಂದ ತಾಯಿಬೇರನ್ನು ಕಡಿಯಿರಿ. ಸುತ್ತ ಮಣ್ಣು ಅಗೆಯೋದು ಬೇಡ. ಆಮೇಲೆ ಇಬ್ಬರು ಒಂದು ಗಳ ತೂರಿಸಿ ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ, ಬೇರು ಆಕಾಶ ನೋಡೋ ಹಾಗೆ, ಅಲ್ಲೇ ಬಿಡಿ. ತಲೆಕೆಳಗು ಮಾಡೋದು ಮರೆತರೆ ಹಸಿ ಮಣ್ಣಿಗೆ ತಾಗಿದ ಕಡ್ಡಿ ಮತ್ತೆ ಬೇರು ಬಿಡುತ್ತೆ. ಇಷ್ಟೆಲ್ಲ ಮಾಡಿಯೂ ‘ಉಪಯೋಗ ಇಲ್ಲ’ ಅನ್ನುವವರು ಹೆಚ್ಚಾಗಿ ಈ ಕೊನೇ ಕೆಲಸ ಬಿಟ್ಟಿರುತ್ತಾರೆ.

ಐದು ಎಕರೆಯನ್ನೂ ಒಂದೇ ವರ್ಷ ಬಯಲು ಮಾಡಬೇಡಿ. ಖಾಲಿ ಬಿದ್ದ ನೆಲಕ್ಕೆ ಮೊದಲು ಬರೋದು ಕಮ್ಯುನಿಸ್ಟ್ ಗಿಡವೇ. ಲಂಟಾನ ತೆಳುವಾಗಿರೋ ಕಾನಿನ ಒಳಭಾಗದಿಂದ ಶುರು ಮಾಡಿ ದಟ್ಟವಾಗಿರೋ ರಸ್ತೆ ಕಡೆಗೆ ಬನ್ನಿ. ವರ್ಷಕ್ಕೆ ಒಂದೂವರೆ ಎಕರೆ ಸಾಕು. ಪೊದೆಯ ಮಧ್ಯೆ ಸಿಕ್ಕಿಬಿದ್ದ ನೇರಳೆ, ಮತ್ತಿ, ಕೌಲು ಸಸಿಗಳಿಗೆ ಕೆಲಸ ಶುರುವಾಗೋ ಮುಂಚೆಯೇ ಬಣ್ಣದ ಬಟ್ಟೆ ಚೂರು ಕಟ್ಟಿ, ಇಲ್ಲದಿದ್ದರೆ ಉತ್ಸಾಹದಲ್ಲಿ ಅದೂ ಹೋಗುತ್ತೆ. ಮುಂದಿನ ಎರಡು ಮಳೆಗಾಲ ಕೈಯಲ್ಲೇ ಮರಿಗಿಡ ಕೀಳಬೇಕು. ಹಣ್ಣು ತಿಂದ ಪಿಕಳಾರ ಹಕ್ಕಿ ಕೂರೋ ಮರದ ಕೆಳಗೆ, ಹಳ್ಳದ ಬದಿಯಲ್ಲಿ ಜಾಸ್ತಿ ಹುಡುಕಿ.

ಕಮ್ಯುನಿಸ್ಟ್ ಗಿಡಕ್ಕೆ ಹೂ ಬರೋದು ಡಿಸೆಂಬರ್ ಹೊತ್ತಿಗೆ, ಬೀಜ ಗಾಳಿಯಲ್ಲಿ ಹಾರುತ್ತೆ. ಅಕ್ಟೋಬರ್, ನವೆಂಬರ್‌ನಲ್ಲಿ ನೆಲ ಇನ್ನೂ ಮೆತ್ತಗಿರುವಾಗ ಎಳೆದರೆ ಬೇರು ಸಮೇತ ಬರುತ್ತೆ. ಹೂ ಬಿಡೋ ಮುಂಚಿನ ಆ ಸೊಪ್ಪು ತೋಟಕ್ಕೆ ಚೆನ್ನಾಗೇ ಆಗುತ್ತೆ, ಬೇಗ ಕೊಳೆಯುತ್ತೆ. ಮೇಲಿನ ಕೇರಿಯವರಿಗೆ ‘ಮರದ ಸೊಪ್ಪು ಬಿಡಿ’ ಅನ್ನೋ ಬದಲು ‘ಈ ಐದು ಎಕರೆ ಸೊಪ್ಪು ನಿಮಗೇ’ ಅಂತ ಕೊಟ್ಟು ನೋಡಿ. ಹೂ ಬಂದ ಮೇಲೆ ಮಾತ್ರ ತೋಟಕ್ಕೆ ಒಯ್ಯಬೇಡಿ, ಬೀಜ ನೀವೇ ಬಿತ್ತಿದ ಹಾಗೆ. ಲಂಟಾನ ಸೊಪ್ಪು ದನಕ್ಕೆ ವಿಷ, ಕೊಟ್ಟಿಗೆ ಹತ್ತಿರ ರಾಶಿ ಹಾಕಬೇಡಿ.

ಬೆಂಕಿಗೆರೆ:

ನಿಮ್ಮ ಪಶ್ಚಿಮದ ಅಕೇಶಿಯಾ ನೆಡುತೋಪು ಇದೆಯಲ್ಲ, ಬೆಂಕಿ ಅಲ್ಲಿಂದಲೇ ಬರೋದು ಆಶ್ಚರ್ಯ ಅಲ್ಲ. ಅದರ ಎಲೆ ಬೇಗ ಕೊಳೆಯೋದಿಲ್ಲ, ಪದರದ ಮೇಲೆ ಪದರ ಬೀಳುತ್ತೆ. ಬೆಂಕಿ ಹೋದ ಮೇಲೆ ಅದರ ಬೀಜವೇ ಮೊದಲು ಮೊಳೆಯೋದು, ಬಿಸಿಗೆ ಗಟ್ಟಿ ಸಿಪ್ಪೆ ಒಡೆಯುತ್ತೆ. ಹೀಗೆ ಬೆಂಕಿ ಬಿದ್ದಷ್ಟೂ ಅಕೇಶಿಯಾ ಕಾನಿನೊಳಗೆ ಬರುತ್ತೆ.

22 ಎಕರೆ ಚೌಕಾಕಾರ ಇದ್ದರೂ ಸುತ್ತಳತೆ 1.2 ಕಿಲೋಮೀಟರ್. ಅಂಕುಡೊಂಕು ಸೇರಿಸಿ ಒಂದೂವರೆ ಅಂತ ಇಟ್ಟುಕೊಳ್ಳಿ. ಹನ್ನೆರಡು ಅಡಿ ಅಗಲಕ್ಕೆ ಹುಲ್ಲು ಸವರಿ ದರಗು ಗುಡಿಸೋಕೆ ಒಬ್ಬರಿಂದ ದಿನಕ್ಕೆ ಐವತ್ತು ಅರವತ್ತು ಮೀಟರ್ ಆಗುತ್ತೆ. ಅಂದರೆ 25ರಿಂದ 30 ಆಳು. ಮೂರು ಕೇರಿಯಿಂದ ಹತ್ತು ಹತ್ತು ಜನ ಬಂದರೆ ಒಂದೇ ದಿನದ ಕೆಲಸ. ಆದರೆ ಒಂದೇ ಸಲಕ್ಕೆ ಮುಗಿಯೋದಿಲ್ಲ. ಜನವರಿಯಲ್ಲಿ ಗುಡಿಸಿದ ಗೆರೆ ಫೆಬ್ರವರಿ ಕೊನೆಗೆ ಮತ್ತೆ ದರಗಲ್ಲಿ ಮುಚ್ಚಿರುತ್ತೆ. ಮತ್ತಿ, ನಂದಿ, ಸಾಗುವಾನಿ ಎಲೆ ಉದುರೋದೇ ಆಗ. ಎರಡನೇ, ಮೂರನೇ ಗುಡಿಸೋದಕ್ಕೆ ಹೊಸ ಹುಲ್ಲು ಕಡಿಯೋ ಕೆಲಸ ಇರೋದಿಲ್ಲ, ಅರ್ಧ ಆಳು ಸಾಕು. ದರಗು ಬೇಕಾದವರಿಗೆ ಗೆರೆಯ ಉದ್ದವನ್ನೇ ಹಂಚಿಬಿಡಿ: ಇಂಥಾ ಮರದಿಂದ ಇಂಥಾ ಬಂಡೆವರೆಗೆ ನಿಮ್ಮದು, ಅಲ್ಲಿನ ದರಗು ನಿಮಗೆ, ಗೆರೆ ಚೊಕ್ಕಟ ಇಡೋ ಜವಾಬ್ದಾರಿಯೂ ನಿಮಗೆ.

ಗೆರೆ ಸೋಲೋದು ಅಗಲ ಕಡಿಮೆಯಾಗಿ ಅಲ್ಲ, ಅಡ್ಡ ಬಿದ್ದ ದಿಮ್ಮಿಯಿಂದ. ಗೆರೆಗೆ ಅಡ್ಡವಾಗಿ ಒಂದು ಒಣಮರ ಬಿದ್ದಿರುತ್ತೆ, ಗುಡಿಸುವವರು ಅದರ ಎರಡೂ ಪಕ್ಕ ಗುಡಿಸಿ ಮುಂದೆ ಹೋಗಿರುತ್ತಾರೆ. ಬೆಂಕಿ ಆಚೆ ತುದಿಗೆ ಹತ್ತಿದರೆ ಹೊಗೆಯೂ ಸರಿಯಾಗಿ ಕಾಣದ ಹಾಗೆ ಒಳಗೊಳಗೇ ಕೆಂಡವಾಗಿ, ರಾತ್ರಿಯಿಡೀ ತೆವಳಿ, ಮಾರನೇ ಮಧ್ಯಾಹ್ನ ಗಾಳಿ ಎದ್ದಾಗ ಈಚೆ ತುದಿಯಲ್ಲಿ ಹೊತ್ತಿಕೊಳ್ಳುತ್ತೆ. ಎಲ್ಲರೂ ‘ಬೆಂಕಿ ಆರಿತ್ತಲ್ಲ, ಯಾರೋ ಮತ್ತೆ ಹಚ್ಚಿದ್ದಾರೆ’ ಅಂತಾರೆ! ಗಾರ್ಡ್‌ಗೆ ಹೇಳಿ ಅವರ ಎದುರೇ ಆ ದಿಮ್ಮಿ ಕೊಯ್ದು ಗೆರೆಯಿಂದ ಸರಿಸಿ. ಹೇಳದೆ ಕೊಯ್ದರೆ ಅದೇ ಮರ ಕಡಿದ ಕೇಸು.

ಗೆರೆಗೆ ಬೆಂಕಿ ಕೊಟ್ಟು ಸುಡೋ ಕೆಲಸ ಇಲಾಖೆಯವರದ್ದು, ಊರವರು ಕಡ್ಡಿ ಗೀರಬಾರದು. ಬೆಂಕಿ ಕಂಡ ಕೂಡಲೇ ಬೀಟ್ ಗಾರ್ಡ್‌ಗೆ, ಇಲ್ಲವಾದರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದಿಂದ ಕಂಡ ಬೆಂಕಿಯ ಸಂದೇಶ ಮೊಬೈಲಿಗೆ ಪುಕ್ಕಟೆ ಕಳಿಸುತ್ತಾರೆ, ಕೇರಿಗಿಬ್ಬರು ನೋಂದಾಯಿಸಿಕೊಳ್ಳಿ. ಆದರೆ ಅದನ್ನೇ ನೆಚ್ಚಿಕೊಳ್ಳೋ ಹಾಗಿಲ್ಲ. ಮರದಡಿಯ ಸಣ್ಣ ನೆಲಬೆಂಕಿ ಉಪಗ್ರಹಕ್ಕೆ ಕಾಣೋದೇ ಇಲ್ಲ, ಕಂಡರೂ ಸಂದೇಶ ಬರೋಕೆ ತಡವಾಗುತ್ತೆ.

ಆರಿಸೋಕೆ ಹೋಗುವವರು ಹತ್ತಿ ಬಟ್ಟೆ ಹಾಕಿಕೊಳ್ಳಿ, ನೈಲಾನ್ ಬೇಡ, ಮೈಗೆ ಕರಗಿ ಅಂಟುತ್ತೆ. ಬೆಂಕಿ ಗುಡ್ಡ ಹತ್ತುವಾಗ ವೇಗ ಜಾಸ್ತಿ, ಅದರ ಮೇಲ್ಗಡೆ ನಿಲ್ಲಬೇಡಿ, ಪಕ್ಕದಿಂದ ಬನ್ನಿ. ಹಸಿ ಸೊಪ್ಪಿನ ಕೊಂಬೆಯಿಂದ ಬೀಸಿ ಹೊಡೆದರೆ ಕಿಡಿ ಹಾರುತ್ತೆ, ಒತ್ತಿ ಹಿಡಿಯಬೇಕು. ಅಡಿಕೆಗೆ ಬೋರ್ಡೋ ಹೊಡೆಯೋ ಬೆನ್ನಿನ ಪಂಪು ಎಲ್ಲರ ಮನೆಯಲ್ಲೂ ಇರುತ್ತೆ, ತೊಳೆದು ನೀರು ತುಂಬಿ ನಾಲ್ಕೈದು ತಯಾರಿಟ್ಟರೆ ಕೆಂಡ ಆರಿಸೋಕೆ ಅದಕ್ಕಿಂತ ಒಳ್ಳೇದಿಲ್ಲ. ಆರಿದ ಮೇಲೂ ಇಬ್ಬರು ಮಾರನೇ ಬೆಳಿಗ್ಗೆ ಹೋಗಿ ಬೊಡ್ಡೆಗಳನ್ನು ಕೈ ಹಿಂಬದಿಯಿಂದ ಹತ್ತಿರ ಹಿಡಿದು ನೋಡಬೇಕು.

ಉಣುಗು:

ಮೇಲಿನ ಸಲಹೆಯಲ್ಲಿ ಒಂದು ಅಪಾಯ ಇದೆ ಮಾರಾಯ್ರೆ, ಯಾರೂ ಹೇಳಲಿಲ್ಲ.

ಮಂಗನ ಕಾಯಿಲೆ. 1957ರಲ್ಲಿ ಗುರುತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಸಾಗರದ ಪಕ್ಕದ್ದೇ. ಅದನ್ನು ಹರಡೋ ಉಣುಗಿನ (ರಕ್ತ ಹೀರೋ ಉಣ್ಣೆಯ) ಮರಿಗಳ ಕಾಟ ನವೆಂಬರ್ ಕೊನೆಯಿಂದ ಮೇ ತನಕ. ಬೆಂಕಿ ಗೆರೆ ಮಾಡೋದೂ ದರಗು ತರೋದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಕೂತಿರೋದು ದರಗಿನಲ್ಲಿ. ಹೊರೆ ಕಟ್ಟಿ ಮನೆಗೆ ತಂದರೆ ಕೊಟ್ಟಿಗೆಗೂ ಅಂಗಳಕ್ಕೂ ಬಂದ ಹಾಗೆ.

ಹಾಗಾಗಿ ಕೆಲಸದ ದಿನ ಗೊತ್ತು ಮಾಡೋ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಈ ವರ್ಷ ಸುತ್ತಮುತ್ತ ಮಂಗ ಸತ್ತಿದೆಯಾ, ಉಣುಗಿನಲ್ಲಿ ವೈರಸ್ ಸಿಕ್ಕಿದೆಯಾ, ಯಾರಿಗಾದರೂ ಜ್ವರ ಬಂದಿದೆಯಾ ಅಂತ ಕೇಳಿ. ಇದೆ ಅಂದರೆ ಆ ವರ್ಷ ಶ್ರಮದಾನ ಬೇಡವೇ ಬೇಡ, ಗೆರೆಯ ಕೆಲಸ ಇಲಾಖೆಗೆ ಬಿಡಿ. ಇಲ್ಲ ಅಂದರೂ ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ಕೇಳಿ ತಂದು ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡೇ ಹೊರಡಿ. ತುಂಬುತೋಳು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು. ಊಟಕ್ಕೆ ದರಗಿನ ಮೇಲೆ ಕೂರಬೇಡಿ, ಬಂಡೆ ಹುಡುಕಿ. ಮನೆಗೆ ಬಂದು ಸೋಪು ಹಾಕಿ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ವೈದ್ಯರಿಗೆ ತಪ್ಪದೆ ಹೇಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳೋಕೂ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಗುಡಿಸಿದ ದರಗನ್ನು ಮನೆಗೆ ಒಯ್ಯದೆ ಎಂತ ಮಾಡೋದು? ಕಾನಿನ ಒಳಬದಿಗೆ ತೆಳುವಾಗಿ ಹರಡಿಬಿಡಿ. ರಾಶಿ ಹಾಕಬೇಡಿ, ರಾಶಿಗೆ ಕಿಡಿ ಬಿದ್ದರೆ ಗೆರೆ ಇದ್ದೂ ಇಲ್ಲದ ಹಾಗೆ.

ಬೆಂಕಿಗೆರೆ:

ಒಪ್ಪಿದೆ. ದರಗು ಹಂಚೋ ಸಲಹೆ ನಿಮ್ಮ ಭಾಗಕ್ಕೆ ಬೇಡ, ವಾಪಸ್ ತಗೊಳ್ತೀನಿ. ಹುಲ್ಲು ಸವರೋ ಕೆಲಸವನ್ನಾದರೂ ನವೆಂಬರ್ ಮೊದಲ ವಾರದೊಳಗೆ ಮುಗಿಸಿದರೆ ಆಮೇಲೆ ಕಾನಲ್ಲಿ ಕಳೆಯೋ ಸಮಯ ಅರ್ಧ ಆಗುತ್ತೆ. ಗುಡಿಸೋಕೆ ಉದ್ದ ಹಿಡಿಯ ಕುಂಟೆ ಬಳಸಿ, ಬಗ್ಗಿ ಕೈಯಲ್ಲಿ ಬಾಚಬೇಡಿ.

ಕಾನಂಚು:

ಉಣುಗಿನ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ, ಉಪಕಾರವಾಯ್ತು. ಜೆಸಿಬಿ ನಿಲ್ಲಿಸಿದ್ದೇವೆ. ಆದರೆ ಅಗಳ ಮತ್ತು 500 ಗಿಡದ ಬಗ್ಗೆ ಹುಡುಗರು ಬಿಡ್ತಿಲ್ಲ.

ಗುಂಡಿ_ತೋಡಿ:

ಹತ್ತಡಿ ಚೌಕಕ್ಕೆ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ, ಒಳಗೆ ಎಷ್ಟು ಮರಜಾತಿಯ ಸಸಿ ಇದೆ ಅಂತ ಆ ಹುಡುಗರ ಕೈಲೇ ಎಣಿಸಿ. ಕಾನಿನ ಬೇರೆ ಬೇರೆ ಕಡೆ ಹೀಗೆ ಹತ್ತು ಚೌಕ. ನಾಲ್ಕೈದು ಸಸಿ ಇದ್ದ ಜಾಗದಲ್ಲಿ ಒಂದೂ ಗಿಡ ನೆಡಬೇಕಿಲ್ಲ, ದನ ಮತ್ತು ಬೆಂಕಿ ತಡೆದರೆ ಸಾಕು. ನೆಡಬೇಕಾಗಿರೋದು ಲಂಟಾನ ತೆಗೆದ ಒಂದೂವರೆ ಎಕರೆಗೆ ಮಾತ್ರ. ಅದಕ್ಕೆ ಮೊದಲ ವರ್ಷ 150 ಗಿಡ ಧಾರಾಳ. ಉಳಿದ 350 ಗಿಡದ ದುಡ್ಡನ್ನು ಎರಡು ವರ್ಷದ ಕಳೆ ತೆಗೆಯೋ ಕೂಲಿಗೆ ಇಡಿ.

ಜೂನ್ 5 ಭಾಷಣಕ್ಕೆ ಒಳ್ಳೇ ದಿನ, ಗಿಡಕ್ಕೆ ಅಲ್ಲ. ಮುಂಗಾರು ಒಂದು ವಾರ ತಡವಾದರೂ ಸಸಿ ಒಣಗಿ ನಿಲ್ಲುತ್ತೆ. ಮೇ ತಿಂಗಳ ಅಡ್ಡಮಳೆಗೆ ನೆಲ ಮೆತ್ತಗಾದಾಗ ಒಂದೂವರೆ ಅಡಿ ಆಳ, ಅಷ್ಟೇ ಉದ್ದ ಅಗಲದ ಗುಂಡಿ ತೋಡಿ ಬಿಸಿಲು ಕಾಯಿಸಿ. ಮೇಲ್ಮಣ್ಣು ಒಂದು ಪಕ್ಕ, ಕೆಳಗಿನ ಜಂಬಿಟ್ಟಿಗೆ ಮಣ್ಣು ಇನ್ನೊಂದು ಪಕ್ಕ. ನೆಡೋದು ಆರಿದ್ರಾ ಮಳೆಯಲ್ಲಿ (ಜೂನ್ ಕೊನೆ), ಪುನರ್ವಸು (ಜುಲೈ ಮಧ್ಯ) ದಾಟಬಾರದು. ಮೇಲ್ಮಣ್ಣು ಕೆಳಗೆ ಹೋಗಲಿ. ಸಸಿಯ ಪ್ಲಾಸ್ಟಿಕ್ ಕೊಟ್ಟೆ ಹರಿದು ತೆಗೆದು, ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಒಂದಿಂಚು ಕತ್ತರಿಸಿ ನೆಡಿ. ಸುರುಳಿ ಬೇರಿನ ಗಿಡ ನಾಲ್ಕು ವರ್ಷ ಚೆನ್ನಾಗೇ ಕಂಡು ಆಮೇಲೆ ಗಾಳಿಗೆ ಬೀಳುತ್ತೆ. ಬುಡಕ್ಕೆ ಮಣ್ಣು ಸ್ವಲ್ಪ ಏರಿಸಿ, ಗುಂಡಿಯಲ್ಲಿ ನೀರು ನಿಂತರೆ ನಮ್ಮ ಕಡೆ ಮಳೆಗೆ ಬೇರು ಕೊಳೆಯುತ್ತೆ. ರಸ್ತೆ ಬದಿ ಬಿಸಿಲಿಗೆ ನೇರಳೆ, ಮತ್ತಿ, ಹೊನ್ನೆ, ಹೆಬ್ಬಲಸು ಆಗುತ್ತೆ. ರಾಮಪತ್ರೆ, ಉಪ್ಪಾಗೆಯನ್ನು ಬಯಲಿಗೆ ನೆಟ್ಟರೆ ಎಲೆ ಸುಟ್ಟುಹೋಗುತ್ತೆ, ಅವು ಹಳ್ಳದ ನೆರಳಿಗೆ.

ಅಗಳ ಬೇಡ. ಇಳಿಜಾರಿಗೆ ಅಡ್ಡ ತೋಡಿದರೆ ಮಳೆ ನೀರೆಲ್ಲ ಅದರಲ್ಲೇ ಓಡಿ ಹಳ್ಳಕ್ಕೆ ಕೆಂಪು ಮಣ್ಣು ತುಂಬುತ್ತೆ, ದರೆಯೂ ಜರಿಯುತ್ತೆ. ಗ್ಲಿರಿಸಿಡಿಯಾ ಗೂಟ ಐದಡಿ ಉದ್ದದ್ದು, ಹೆಬ್ಬೆರಳಿಗಿಂತ ದಪ್ಪ, ಮುಂಗಾರಿನ ಆರಂಭಕ್ಕೆ ಒಂದಡಿ ಆಳಕ್ಕೆ ಎರಡಡಿಗೊಂದು ಹುಗಿಯಿರಿ, ನಡುವೆ ಲಕ್ಕಿ ಗಿಡ. ಎರಡು ವರ್ಷಕ್ಕೆ ದನ ನುಗ್ಗದ ಬೇಲಿ, ಸವರಿದ ಸೊಪ್ಪು ತೋಟಕ್ಕೂ ಆಗುತ್ತೆ.

ಬಡಾವಣೆಯವಳು:

ನಡುವೆ ಬಾಯಿ ಹಾಕ್ತೀನಿ. ಶಿವಮೊಗ್ಗ ಪೇಟೆಯ ಬಡಾವಣೆ ಪಾರ್ಕಿಗೂ ಇದೇ ದಾರಿನಾ? ಪಾಲಿಕೆಯವರು ‘ನಮಗೆ ಸೇರಿದ್ದಲ್ಲ’ ಅಂತಾರೆ, ಎಲೆ ಗುಡಿಸಿ ಅಲ್ಲೇ ಸುಡ್ತಾರೆ.

ಪಹಣಿ_ಪಂಡಿತ:

ಮೇಡಂ, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ತೆಗೆಸಿ. ಅದರಲ್ಲಿ ‘ಉದ್ಯಾನ’ ಅಂತಿದೆಯಾ, ‘ನಾಗರಿಕ ಸೌಲಭ್ಯ ನಿವೇಶನ’ ಅಂತಿದೆಯಾ ನೋಡಿ, ಎರಡೂ ಬೇರೆ. ಉದ್ಯಾನ ಅಂತಿದ್ದರೆ 1985ರ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಕಾಯ್ದೆಯ ರಕ್ಷಣೆ ಇದೆ. ಆಮೇಲೆ ಅದನ್ನು ಪಾಲಿಕೆಗೆ ಹಸ್ತಾಂತರ ಮಾಡಿದ ಪತ್ರ ಇದೆಯಾ ಅಂತ ಕೇಳಿ. ಹಸ್ತಾಂತರ ಆಗದ ಪಾರ್ಕಿಗೆ ಪಾಲಿಕೆ ಹಣ ಹಾಕೋದಿಲ್ಲ, ‘ನಮಗೆ ಸೇರಿದ್ದಲ್ಲ’ ಅನ್ನೋದರ ಅರ್ಥ ಹೆಚ್ಚಾಗಿ ಇದೇ. ನಿವಾಸಿಗಳ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸೋಕೆ ಕನಿಷ್ಠ ಏಳು ಜನ ಬೇಕು. ಪಾರ್ಕಿನ ಮರದ ಕೊಂಬೆ ಕಡಿಸೋದಿದ್ದರೂ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟೇ ಮುಂದುವರಿಯಿರಿ.

ಎಲೆಗೆ ನಾಲ್ಕಡಿ ಎತ್ತರದ ಕಬ್ಬಿಣದ ಜಾಲರಿಯನ್ನು ನಾಲ್ಕಡಿ ಅಗಲಕ್ಕೆ ಸುತ್ತಿ ನಿಲ್ಲಿಸಿ. ಒಂದಡಿ ಎಲೆ, ಮೇಲೆ ಒಂದು ಬಕೆಟ್ ಸಗಣಿ ನೀರು, ಮತ್ತೆ ಎಲೆ. ಒಣ ಎಲೆ ಹಾಗೇ ತುಂಬಿದರೆ ವರ್ಷವಾದರೂ ಕೊಳೆಯೋದಿಲ್ಲ, ‘ಗೊಬ್ಬರ ಆಗಲ್ಲ’ ಅಂತ ಮತ್ತೆ ಸುಡ್ತಾರೆ. ಮರದ ಬುಡಕ್ಕೆ ಕಾಂಕ್ರೀಟ್ ಹಾಕೋಕೆ ಬಂದರೆ ಸುತ್ತ ಮೂರಡಿಯಾದರೂ ಮಣ್ಣು ಬಿಡಿಸಿ.

ಕಾನಂಚು:

ಕೊನೇದಾಗಿ, ಸಸಿ ನಾವೇ ಮಾಡಿಕೊಳ್ಳೋಣ ಅಂತ. ಉಪ್ಪಾಗೆ, ನೇರಳೆ ಬೀಜ ಒಣಗಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದಾ?

ಗುಂಡಿ_ತೋಡಿ:

ಎರಡೂ ಇಡೋಕೆ ಬರೋದಿಲ್ಲ. ನೇರಳೆ ಬೀಜವನ್ನು ತಿರುಳು ತೊಳೆದು ವಾರದೊಳಗೆ ಬಿತ್ತಬೇಕು, ಬಿಸಿಲಿಗೆ ಒಣಗಿಸಿದರೆ ಸತ್ತ ಹಾಗೆ. ಹಲಸು, ರಾಮಪತ್ರೆಯೂ ಹಾಗೇ. ಒಣಗಿಸಿ ಡಬ್ಬದಲ್ಲಿಡಬಹುದಾದದ್ದು ಅಂಟುವಾಳದಂಥ ಗಟ್ಟಿ ಸಿಪ್ಪೆಯವು. ಉಪ್ಪಾಗೆಯನ್ನು ಹಸಿಯಾಗೇ ಬಿತ್ತಿ, ಆದರೆ ಮೊಳಕೆ ಬರೋಕೆ ಐದಾರು ತಿಂಗಳು ಕಾಯಬೇಕು. ಬಿತ್ತಿದ ತಾರೀಖು ಬರೆದ ತಗಡಿನ ಚೂರೊಂದನ್ನು ಕೊಟ್ಟೆಗಳ ಸಾಲಿಗೆ ಚುಚ್ಚಿಡಿ. ಇಲ್ಲದಿದ್ದರೆ ನವೆಂಬರ್‌ನಲ್ಲಿ ಯಾರಾದರೂ ಬಂದು, ಇದರಲ್ಲಿ ಎಂತದೂ ಹುಟ್ಟಿಲ್ಲ ಅಂತ ಮಣ್ಣು ಸುರಿದು ಕೊಟ್ಟೆ ಬೇರೆ ಬೀಜಕ್ಕೆ ತಗೊಂಡು ಹೋಗ್ತಾರೆ.